ಸೊಲ್ಲು ಎತ್ತಿದವನ ಕೇಸು

"ಈ ಶಬ್ದ ಭಾಳ ದೊಡ್ಡದಾತು ನೋಡವಾ. ಇದನ್ನ ಸಣ್ಣದು ಮಾಡಿಕೊಡು," ಎಂದು ಮಾಮಾ ಚಾರ್ಜ್‌ಶೀಟನ್ನು ನನ್ನ ಟೈಪ್‌ರೈಟರಿನ ಪಕ್ಕಕ್ಕೆ ಇಟ್ಟರು. ಅವರ ಉಗುರು 'ಚಿತಾವಣೆ' ಎಂಬಲ್ಲಿ ನಿಂತಿತ್ತು. ಇಂಗ್ಲಿಷ್ ಪ್ರತಿಯಲ್ಲಿ ಪೊಲೀಸರ ಕಡೆಯವರು ಅದೇ ಜಾಗದಲ್ಲಿ 'ಇನ್‌ಸ್ಟಿಗೇಟೆಡ್' ಎಂದು ಹೊಡೆದಿದ್ದರು. ಎಷ್ಟು ಜೋರಾಗಿ ಹೊಡೆದಿದ್ದರೆಂದರೆ ಕಾಗದದ ಬೆನ್ನಿಗೆ ಅಕ್ಷರಗಳು ಉಬ್ಬಿ ನಿಂತಿದ್ದವು.

ಮಾಮಾ ಎಂದರೆ ನನ್ನ ತಾಯಿಯ ಅಣ್ಣ, ಹಾವೇರಿಯಲ್ಲಿ ವಕೀಲರು. ಧಾರವಾಡದ ಕಾನ್ವೆಂಟಿನಲ್ಲಿ ನನ್ನ ಓದು ಮುಗಿದು, ಮುಂದೆ ಈ ಹುಡುಗಿಯನ್ನು ಏನು ಮಾಡಬೇಕೆಂದು ಮನೆಯಲ್ಲಿ ಯಾರಿಗೂ ತೋಚದೆ ಇದ್ದಾಗ ಅವರು ನನ್ನನ್ನು ಕರೆಸಿಕೊಂಡಿದ್ದರು. ಕನ್ನಡದ ಹೇಳಿಕೆಗಳನ್ನು ಇಂಗ್ಲಿಷಿಗೆ ಮಾಡುವುದು, ಕಾರ್ಬನ್ ಇಟ್ಟು ಫೇರ್ ಕಾಪಿ ತೆಗೆಯುವುದು ನನ್ನ ಕೆಲಸ. ಮೊದಲು ಪೆನ್ಸಿಲಿನಲ್ಲಿ ಒಂದು ರಫ್ ಮಾಡುತ್ತಿದ್ದೆ. ಅದನ್ನು ಮತ್ತೆ ಕನ್ನಡದಲ್ಲಿ ಹೇಳಿದವನಿಗೇ ಓದಿ ಹೇಳಿ, "ಇದ ಹೌದಿಲ್ಲೊ?" ಎಂದು ಕೇಳಿ, ಆಮೇಲೆ ಟೈಪ್. ಆಗಿನ ಮ್ಯಾಜಿಸ್ಟ್ರೇಟರು ಮುಂಬೈ ಕಡೆಯವರು, ಕನ್ನಡ ಬಾರದು. ಹೀಗಾಗಿ ಒಬ್ಬ ಮನುಷ್ಯ ಏನು ಹೇಳಿದ ಎನ್ನುವುದಕ್ಕಿಂತ ಅದು ಇಂಗ್ಲಿಷಿನಲ್ಲಿ ಏನಾಯಿತು ಎನ್ನುವುದೇ ಮುಖ್ಯವಾಗಿತ್ತು.

ಕೇಸಿನ ಸಂಗತಿ ಇಷ್ಟು. ಚಲೇಜಾವ್ ಚಳವಳಿಯ ದಿನಗಳು. ಬ್ಯಾಡಗಿ ಸ್ಟೇಶನ್ನಿನ ಗೂಡ್ಸ್ ಶೆಡ್ಡಿನ ಮುಂದೆ, ಪಕ್ಕದ ಹಳಿಯ ಮೇಲೆ, ಮಾಲು ತುಂಬುವ ಒಂದು ಖಾಲಿ ಡಬ್ಬಿ ನಿಂತಿತ್ತು. ಬಿಳಿ ಟೊಪ್ಪಿಗೆಯ ಕೆಲವು ತರುಣರು ಬಂದು, ಅದನ್ನು ದೊಡ್ಡ ಹಳಿಗೆ ದೂಡಿ ಗಾಡಿ ನಿಲ್ಲಿಸಬೇಕೆಂದು ಹೆಗಲು ಕೊಟ್ಟರು. ಡಬ್ಬಿ ಜಪ್ಪಯ್ಯ ಅನ್ನಲಿಲ್ಲ. ಶೆಡ್ಡಿನ ಕಟ್ಟೆಯ ಮೇಲೆ ಮೆಣಸಿನಕಾಯಿ ಚೀಲಕ್ಕೆ ಒರಗಿ ಕೂತಿದ್ದ ಒಬ್ಬ ಮುದುಕ ಎದ್ದು ನಿಂತು ಕೂಗು ಹಾಕಿದ. ಅಲ್ಲಲ್ಲಿ ಕೂತಿದ್ದ ಹಮಾಲರು ಓಡಿಬಂದು ಹೆಗಲು ಹಚ್ಚಿದರು. ಡಬ್ಬಿ ಉರುಳಿತು. ಹಳಿಗೆ ಹಳಿ ಕೂಡುವಲ್ಲಿ ಮುಂದಿನ ಗಾಲಿಗಳು ಕೆಳಗಿಳಿದು ಡಬ್ಬಿ ಅಡ್ಡ ನಿಂತಿತು. ಯಾರಿಗೂ ಗಾಯವಾಗಲಿಲ್ಲ, ಗಾಡಿಗಳು ಮಾತ್ರ ನಿಂತವು. ತರುಣರು ಪರಾರಿಯಾದರು. ಹಮಾಲರಲ್ಲಿ ಯಾರು ಯಾರಿದ್ದರೆಂದು ಸ್ಟೇಶನ್ನಿನ ಕಾರಕೂನನಿಗೆ ನೆನಪಾಗಲಿಲ್ಲ. ಹಮಾಲರೆಲ್ಲ ಜೈಲಿಗೆ ಹೋದರೆ ಪೇಟೆಯ ಮಾಲು ಎತ್ತುವವರು ಯಾರು, ಅದಕ್ಕೇ ಯಾರೂ ಬಹಳ ಕೆದಕಿ ಕೇಳಲೂ ಇಲ್ಲ. ಪೊಲೀಸರು ಬಂದಾಗ ಮುದುಕ ಮತ್ತೆ ಅದೇ ಚೀಲಕ್ಕೆ ಒರಗಿ ಕೂತಿದ್ದ. ಅವನೊಬ್ಬನೇ ಸಿಕ್ಕ.

ಅವನ ಮೇಲೆ ಹಾಕಿದ ಕಲಮು ಅಬೆಟ್‌ಮೆಂಟಿನದು. ಮಾಡಿದವನಿಗೆ ಎಷ್ಟು ಶಿಕ್ಷೆಯೋ ಮಾಡಿಸಿದವನಿಗೂ ಅಷ್ಟೇ. ಯುದ್ಧದ ಕಾಲದಲ್ಲಿ ಗಾಡಿಗೆ ಅಡ್ಡಿ ಮಾಡುವುದೆಂದರೆ ಸಖ್ತ ಮಜೂರಿಯ ವರ್ಷಗಳು. ಜೀವಮಾನವೆಲ್ಲ ಮೆಣಸಿನಕಾಯಿ ಧೂಳು ಕುಡಿದ ಎದೆ ಅವನದು, ಮಾತಿಗೊಮ್ಮೆ ಕೆಮ್ಮು. ಜೈಲಿಗೆ ಹೋದರೆ ಹೊರಗೆ ಬರುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಮಾಮಾ ಅದನ್ನು ಒಂದೇ ಸಲ ಹೇಳಿದರು, ಮತ್ತೆ ಹೇಳಲಿಲ್ಲ.

ನಾನು ಡಿಕ್ಷನರಿ ತೆಗೆದೆ. ನಮಗೆ ಲ್ಯಾಟಿನ್ ಹೇಳುತ್ತಿದ್ದ ಸಿಸ್ಟರ್ ಬಹುಮಾನವಾಗಿ ಕೊಟ್ಟದ್ದು ಅದು. ಶಬ್ದದ ಸ್ವಭಾವ ತಿಳಿಯದಿದ್ದರೆ ಅದರ ಅಜ್ಜಿಯನ್ನು ವಿಚಾರಿಸು ಎನ್ನುತ್ತಿದ್ದರು ಅವರು, ಪುವರ್ ಥಿಂಗ್. ಅಜ್ಜಿಯರನ್ನು ವಿಚಾರಿಸುತ್ತ ಹೋದೆ. 'ಇನ್‌ಸ್ಟಿಗೇಟ್' ಎಂದರೆ ಲ್ಯಾಟಿನ್ನಿನಲ್ಲಿ ಮೊನೆಯಿಂದ ಚುಚ್ಚುವುದು. ನಮ್ಮಲ್ಲಿ ಎತ್ತಿನ ಬೆನ್ನಿಗೆ ಮುಳ್ಳುಗೋಲು ತಾಗಿಸಿದ ಹಾಗೆ. 'ಅಬೆಟ್' ಹಳೆಯ ಫ್ರೆಂಚಿನಿಂದ ಬಂದದ್ದು. ನಾಯಿಯನ್ನು ಛೂ ಬಿಟ್ಟು ಕಚ್ಚಿಸುವುದು. 'ಇನ್‌ಸೈಟ್' ಎಂದರೆ ಸುಮ್ಮನೆ ಇದ್ದದ್ದಕ್ಕೆ ವೇಗ ಕೊಡುವುದು. 'ಪ್ರೊವೋಕ್' ತೆಗೆದು ನೋಡಿದೆ: ಕೂಗಿ ಹೊರಗೆ ಕರೆಯುವುದು. ಆ ಪುಟವನ್ನು ಮಾಮಾಗೆ ತೋರಿಸಲೇ ಇಲ್ಲ.

ಕನ್ನಡದ ಕಡೆ ಬಂದೆ. 'ಕುಮ್ಮಕ್ಕು' ತುರ್ಕರ ದಂಡಿನ ಮಾತು. ಪಾರಸಿ, ಉರ್ದು ದಾಟಿ ನಮ್ಮ ಕಟ್ಟೆಗಳ ತನಕ ಬಂದದ್ದು. ಕಾದುತ್ತಿರುವ ಸೈನ್ಯದ ಬೆನ್ನಿಗೆ ಕಳಿಸಿದ ಇನ್ನೊಂದು ಸೈನ್ಯ ಎಂದು ಅದರ ಮೂಲ. ನಮ್ಮ ಮುದುಕ ಒಬ್ಬನೇ ಒಂದು ಸೈನ್ಯವಾಗಿಬಿಡುತ್ತಿದ್ದ. 'ಪ್ರಚೋದನೆ'ಯ ಧಾತು ಮಾಮಾ ದಿನಾ ಸಂಧ್ಯಾವಂದನೆಯಲ್ಲಿ ಹೇಳುವ ಮಂತ್ರದಲ್ಲೇ ಇದೆ. ಅಲ್ಲಿ ದೇವರು ಬುದ್ಧಿಯನ್ನು ಮುಂದಕ್ಕೆ ದೂಡುತ್ತಾನೆ. 'ಹುರಿದುಂಬಿಸು' ನೋಡಲು ಚೆಂದ. ಸಡಿಲಾದ ಎಳೆಗಳಿಗೆ ಹುರಿ ತುಂಬುವುದು, ಹಗ್ಗ ಗಟ್ಟಿ ಮಾಡಿದಂತೆ. ಆದರೆ ಹಗ್ಗ ಹೊಸೆದವನು ಯಾರು ಎಂದು ಕೋರ್ಟು ಕೇಳಿದರೆ ಬೆರಳು ಮುದುಕನ ಕಡೆಗೇ ಹೋಗುತ್ತದೆ. ಇನ್ನು 'ಚಿತಾವಣೆ' ಮರಾಠಿಯ ಕಡೆಯಿಂದ ಬಂದ ಕಚೇರಿಯ ಶಬ್ದ. ಸಾಕ್ಷಿ ಹೇಳಿದ ಒಬ್ಬ ಮನುಷ್ಯನೂ ಅದನ್ನು ಬಾಯಲ್ಲಿ ಆಡಿರಲಿಲ್ಲ. ಅದು ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವ ರೈಟರನದು.

ಸಣ್ಣ ಶಬ್ದ ಸಿಗಲಿಲ್ಲ. ಯಾವ ಭಾಷೆಯಲ್ಲಿ ಹುಡುಕಿದರೂ ಒಬ್ಬ ಅಲುಗುತ್ತಿದ್ದ. ಇನ್ನೊಬ್ಬ ಅವನ ಹಿಂದೆ ಬರಿಗೈಯಲ್ಲಿ ನಿಂತಿರುತ್ತಿದ್ದ.

ಹಾವೇರಿಯ ಸಬ್‌ಜೈಲಿನಲ್ಲಿ ಮುದುಕನನ್ನು ಕಾಣಲು ಹೋದೆವು. ಅವನು ನನ್ನನ್ನು ನೋಡಿ ಎದ್ದು ನಿಂತ.

"ಯಜ್ಜಾ, ಆವತ್ತ ಏನಂತ ಕೂಗಿದಿರಿ?" ಎಂದೆ.

"ದಿನಾ ಕೂಗೂದ ಕೂಗೀನ್ರಿ ಅಕ್ಕಾರ. ಸೊಲ್ಲ ಎತ್ತಿದೆ."

ಭಾರ ಎತ್ತುವಾಗ ಒಬ್ಬ ಕೂಗಿ ಉಳಿದವರು ದನಿಗೂಡಿಸುತ್ತಾರಲ್ಲ, ಆ ಕೂಗಿಗೆ ಅವರು ಸೊಲ್ಲು ಎನ್ನುತ್ತಿದ್ದರು.

"ಆ ಟೊಪಗಿ ಮಂದಿ ನಿನ್ನ ಪೈಕಿಯೇನು?" ಎಂದರು ಮಾಮಾ.

"ಯಾರ ಮಕ್ಕಳೋ ಏನೋರಿ ಸಾಹೇಬ್ರ. ದೂಡಾಕತ್ತಿದ್ರು. ಒಬ್ಬಾಂವ ಈಗ ದೂಡತಾನ, ಒಬ್ಬಾಂವ ಆಮ್ಯಾಲೆ. ಒಬ್ಬಾಂವಂತೂ ಗಾಲಿ ಬುಡಕ ಕಾಲ ಇಟ್ಕೊಂಡ ನಿಂತಾನ! ಹಂಗ ದೂಡಿದ್ರ ಡಬ್ಬಿ ಒಂಚೂರು ಹೋಗಿ ತಿರುಗಿ ಬರತೈತಿ. ಬಂತಂದ್ರ ಕಾಲ ಹೋತು. ನೋಡಾಕ ಆಗಲಿಲ್ರಿ. ಕಸಿವಿಸಿ ಆತು, ಎದ್ದು ಕೂಗಿದೆ."

"ಅವರಿಗೆ ದೂಡ್ರಿ ಅಂತ ಹೇಳಿದೇನು?"

"ಇಲ್ರಿ. ನಾ ಮಂದೀನ ನೋಡೂದ ಇಲ್ಲ. ಡಬ್ಬಿ ನೋಡತೀನಿ. ಹೇಳೂದು ಡಬ್ಬೀಗೆ."

"ಡಬ್ಬಿ ಕೇಳತದೇನೋ?"

"ಕೇಳತೈತ್ರಿ. ಮಂದೀಕಿಂತ ಲಗೂ ಕೇಳತೈತಿ."

ಪಹರೆಯ ಸಿಪಾಯಿ ನಕ್ಕ. ಮಾಮಾ ನಗಲಿಲ್ಲ. ಜಟಕಾದಲ್ಲಿ ಬರುವಾಗ ಅವರ ಮುಖ ಮಾತ್ರ ಸ್ವಲ್ಪ ಹಗುರವಾಗಿತ್ತು. "ಡಬ್ಬೀಗೆ ಹೇಳ್ತೀನಿ ಅಂತಾನ. ಕಾಯ್ದೆದಾಗ ಡಬ್ಬಿಗೆ ಚಿತಾವಣೆ ಮಾಡೂದು ಗುನ್ಹೆ ಅಲ್ಲ ನೋಡವಾ. ಮನುಷ್ಯಾಗ ಮಾಡಬೇಕು." ನಮ್ಮ ಡಿಫೆನ್ಸು ಅಲ್ಲಿ ಹುಟ್ಟಿತು. ಕೂಗಿನಲ್ಲಿ ಯಾವ ಮಾತೂ ಇಲ್ಲ. ಅದು ಬರಿಯ ಉಸಿರು. ಕೆಲಸದ ಸದ್ದು, ಗಾಣ ಕಿರುಗುಟ್ಟಿದ ಹಾಗೆ.

ಅದನ್ನು ಸಾಬೀತು ಮಾಡಲು ಹಮಾಲರು ಬೇಕಿತ್ತು. ಆ ದಿನದ ಸುದ್ದಿಯೇ ಬೇಡ, ದಿನನಿತ್ಯದ ಕೆಲಸದಲ್ಲಿ ಈ ಕೂಗು ಏನು ಎಂದಷ್ಟೇ ಅವರು ಹೇಳಬೇಕು. ಬ್ಯಾಡಗಿಗೆ ಹೋದೆವು. ಸುಗ್ಗಿ ಇನ್ನೂ ದೂರವಿದ್ದರೂ ಶೆಡ್ಡಿನಲ್ಲಿ ಹಳೆಯ ಮಾಲಿನ ಘಾಟು ಮೂಗಿಗೆ ಹೊಡೆಯುತ್ತಿತ್ತು. ನಾನು ಸೀರೆಯ ಸೆರಗನ್ನು ಮೂಗಿಗೆ ಹಿಡಿದೇ ಬರೆದುಕೊಂಡೆ. ಹಮಾಲರು ಸದ್ದಿಲ್ಲದೆ ಚೀಲ ಹೊರುತ್ತಿದ್ದರು. ಯಾಕೆ ಯಾರೂ ಕೂಗುತ್ತಿಲ್ಲ ಎಂದು ಕೇಳಿದೆ.

"ಕೂಗಾಂವ ಜೇಲಿನ್ಯಾಗ ಅದಾನಲ್ರಿ," ಎಂದ ಅವರ ಪೈಕಿ ಹಿರಿಯವನು.

"ನಿಮ್ಮೊಳಗ ಯಾರರೆ ಕೂಗಬಾರದೇನು?"

"ಹಂಗ ಬರೂದಿಲ್ರಿ ಅಕ್ಕಾರ. ಅಂವ ಕೊಡಬೇಕು. ಭಾರ ಹೆಗಲ ಮ್ಯಾಲ ಇದ್ದಾಗ ಅಂವ ನಡುವ ಸೊಲ್ಲ ಅರ್ಧಕ್ಕ ಬಿಡತಾನ. ಯಾರ ಮಾರಿ ನೋಡಿ ಬಿಡತಾನೋ ಅಂವ ಮುಂದಿಂದು ಹಿಡೀಬೇಕು. ಅಂವ ಇನ್ನೂ ಯಾರಿಗೂ ಕೊಟ್ಟಿಲ್ಲ."

ಹೀಗೆ ಮೂಕರಾಗಿ ಹೊತ್ತು ಒಬ್ಬನ ನಡ ಆಗಲೇ ಉಳುಕಿತ್ತು. ಅವನು ಚೀಲದ ಮೇಲೆ ಅಡ್ಡಾಗಿ ನಮ್ಮ ಮಾತು ಕೇಳುತ್ತಿದ್ದ.

ಮಾಮಾ ಅವರನ್ನೆಲ್ಲ ಕೂರಿಸಿ ಪಾಠ ಹೇಳಿಕೊಟ್ಟರು. "ಕೂಗಿಗೆ ಅರ್ಥ ಅದನೇನು ಅಂತ ಕೇಳ್ತೀನಿ. ಏನೂ ಇಲ್ಲರಿ ಅನ್ನಬೇಕು. ಆ ಮುದುಕನ ಮಾತಿಗೆ ನಿಮ್ಮೊಳಗ ಏನರೆ ಕಿಮ್ಮತ್ತು ಅದನೇನು ಅಂತೀನಿ. ಏನೂ ಇಲ್ಲರಿ, ಸುಮ್ಮ ಒದರತಾನ ಅನ್ನಬೇಕು."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹಂಗ ಅನಬೇಕೇನ್ರಿ?" ಎಂದ ಹಿರಿಯವನು.

"ಅವನ್ನ ಬಿಡಿಸಬೇಕೋ ಬ್ಯಾಡೋ?"

"ಬಿಡಿಸಬೇಕ್ರಿ."

"ಹಂಗಾದ್ರ ಅನ್ರಿ."

ಅಂದರು. ಮಾಮಾ ಮೂರ್ನಾಲ್ಕು ಸಲ ಅನ್ನಿಸಿದರು. ಶಾಲೆಯ ಮಕ್ಕಳ ಹಾಗೆ ಕೆಳಗೆ ನೋಡುತ್ತ ಅಂದರು.

ಹೊರಡುವಾಗ ನಡ ಉಳುಕಿದವನು ಒಂದು ಮಾತು ಬಿಟ್ಟ. ಗಾಲಿಯ ಬುಡದಲ್ಲಿ ಕಾಲಿಟ್ಟಿದ್ದ ತರುಣ ರಾಣೆಬೆನ್ನೂರಿನ ಒಬ್ಬ ಅರಳೆ ವ್ಯಾಪಾರಿಯ ಮಗ ಎಂದು. ಮಾಮಾ ಅಲ್ಲೇ ನಿಂತುಬಿಟ್ಟರು. ಅವನೊಬ್ಬ ಬಂದು, ನಾವು ನಮ್ಮ ಮನಸ್ಸಿನಿಂದ ಮಾಡಿದೆವು, ಮುದುಕನಿಗೂ ಇದಕ್ಕೂ ಸಂಬಂಧವಿಲ್ಲ ಎಂದರೆ ಕೇಸು ಅರ್ಧ ಬಿದ್ದ ಹಾಗೆಯೇ. ಮರುದಿನವೇ ರಾಣೆಬೆನ್ನೂರಿಗೆ ಹೋದೆವು.

ವ್ಯಾಪಾರಿ ನಮ್ಮನ್ನು ಜಗುಲಿಯಲ್ಲೇ ಕೂರಿಸಿ, ಅರಳೆಯ ಧಾರಣೆಯ ಬಗ್ಗೆ ಮಾತಾಡಿ ಎದ್ದುಹೋದರು. ಹೆಂಗಸೆಂದು ನನ್ನನ್ನು ಮಾತ್ರ ಒಳಗೆ ಕರೆದರು. ತರುಣನ ತಾಯಿ ಕುಂಕುಮ ಕೊಟ್ಟು, ಬೆಲ್ಲ ನೀರು ಮುಂದಿಟ್ಟು ಕೂತರು. ನಾನು ಎಲ್ಲ ಹೇಳಿದೆ: ಮುದುಕನ ಕೆಮ್ಮು, ಕಲಮು, ಆತ ಅವರ ಮಗನ ಕಾಲು ಉಳಿಯಲೆಂದೇ ಕೂಗಿದ್ದು.

"ಮಗಾ ಮನ್ಯಾಗ ಇಲ್ಲ ನೋಡವಾ," ಎಂದರು ಅವರು.

"ಎಲ್ಲಿದ್ದರೂ ಒಂದು ಮಾತು ಮುಟ್ಟಿಸ್ರಿ, ಅವ್ವಾರ. ಮೇಡ್ಲೇರಿ ಕಡೆ ಹೊಳೀದಂಡ್ಯಾಗ ಅದಾರ ಅಂತ ಕೇಳೇವಿ."

ಅವರು ನನ್ನ ಕೈಯಲ್ಲಿದ್ದ ಬ್ಯಾಗು, ಫೌಂಟನ್ ಪೆನ್ನು ನೋಡಿದರು. "ನೀ ಇಂಗ್ರೇಜಿ ಕಲತಾಕಿ. ಮಗಾ ಮನ್ಯಾಗ ಇಲ್ಲ ಅನ್ನೂದಕ್ಕ ಇಂಗ್ರೇಜಿಯೊಳಗ ಬ್ಯಾರೆ ಅರ್ಥ ಐತೇನು?" ಎಂದರು. ಸಿಟ್ಟಿನಿಂದ ಅಲ್ಲ. ಆಮೇಲೆ ಕಣ್ಣಿಗೆ ಸೆರಗು ಹಚ್ಚಿಕೊಂಡರು. ನಾನು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಎದ್ದೆ. ಆ ತಾಯಿಯನ್ನು ಬೈಯಲು ನನ್ನಿಂದ ಆಗಲೂ ಆಗಲಿಲ್ಲ, ಈಗಲೂ ಆಗುವುದಿಲ್ಲ.

ಹೀಗೆ ಉಳಿದದ್ದು ಹಮಾಲರ ಸಾಕ್ಷಿ ಒಂದೇ.

ಕೋರ್ಟಿನಲ್ಲಿ ನನಗೆ ಮಾಮಾ ಅವರ ಹಿಂದೆ ಒಂದು ಸ್ಟೂಲು ಹಾಕಿದ್ದರು. ಹೆಣ್ಣುಮಗಳು ಕೂತದ್ದು ನೋಡಲೆಂದೇ ಕೆಲವರು ಬಾಗಿಲಲ್ಲಿ ಇಣುಕುತ್ತಿದ್ದರು. ದೊಡ್ಡದೊಂದು ತೇಗದ ಕಪಾಟು ಕಿಟಕಿಗೆ ಅಡ್ಡವಾಗಿ ನಿಂತಿದ್ದರಿಂದ ಹಾಲಿನಲ್ಲಿ ಹಗಲೇ ಮಬ್ಬು. ಮ್ಯಾಜಿಸ್ಟ್ರೇಟರು ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದರು. ಜಂಟಲ್‌ಮನ್ ಅವರು, ದನಿ ಎತ್ತಿದವರಲ್ಲ.

ಹಮಾಲರ ಹಿರಿಯ ಕಟಕಟೆಯಲ್ಲಿ ನಿಂತು ಹೇಳಿಕೊಟ್ಟ ಹಾಗೆ ಹೇಳಿದ. ಅರ್ಥವಿಲ್ಲ, ಕಿಮ್ಮತ್ತಿಲ್ಲ, ಸುಮ್ಮ ಒದರತಾನ. ಹೇಳುವಾಗ ಆರೋಪಿಯ ಕಡೆ ನೋಡಲಿಲ್ಲ. ನಾನು ಬರೆದುಕೊಂಡೆ: ನೋ ಮೀನಿಂಗ್, ನೋ ವ್ಯಾಲ್ಯೂ. ಮಾಮಾ ಕೂತರು. ಪೊಲೀಸ್ ಪ್ರಾಸಿಕ್ಯೂಟರ್ ಎದ್ದರು. ಅವರು ಧಾರವಾಡದ ಕಡೆಯವರೇ; ನಮ್ಮ ಜನ ಗೊತ್ತಿದ್ದವರು.

"ಹೌದೇನಪಾ? ಕಿಮ್ಮತ್ತ ಇಲ್ಲೇನು?"

"ಇಲ್ರಿ."

"ಹಂಗಾರ ನಾಳೆ ಸ್ಟೇಶನ್ನಿನ ಬಾಗಲದಾಗ ಭಿಕ್ಷಾ ಬೇಡೋ ಮುದುಕನ್ನ ಕರಕೊಂಡ ಬಂದು ನಿಂದ್ರಸ್ತೀನಿ. ಅಂವಾ ಒದರಿದ್ರೂ ನಿಮ್ಮ ಚೀಲ ಏಳತಾವೇನು?"

ಹಿರಿಯನ ಕುತ್ತಿಗೆ ಸೆಟೆಯಿತು. "ಅದ ಹೆಂಗಾಕೈತ್ರಿ?"

"ಯಾಕಾಗೂದಿಲ್ಲ? ಇವನೂ ಒದರತಾನ, ಅವನೂ ಒದರತಾನ. ಇಬ್ಬರೂ ಒಂದ ಅಂತ ಬರಕೊಳ್ಳಲೇನು?"

ಮಾಮಾ ಏಳುವಷ್ಟರಲ್ಲಿ ಆ ಮನುಷ್ಯ ಕಟಕಟೆಯ ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದಿದ್ದ. "ನಾಲಿಗಿ ಬಿಗಿಹಿಡದ ಮಾತಾಡ್ರಿ ಸಾಹೇಬ್ರ! ಆ ಭಿಕ್ಷುಕ ಎಲ್ಲಿ, ನಮ್ಮ ಯಜ್ಜ ಎಲ್ಲಿ! ಅಂವ ಸೊಲ್ಲ ಎತ್ತಲಿಲ್ಲಂದ್ರ ಬ್ಯಾಡಗಿಯೊಳಗ ಒಂದು ಹುಲ್ಲುಕಡ್ಡಿ ಅಲಗೂದಿಲ್ಲ. ಅಂವ ಎತ್ತಿದಾ ಅಂದ್ರ ಸತ್ತ ಹೆಣಾ ಎದ್ದು ಹೆಗಲ ಕೊಡತೈತಿ!"

ಮುಂದಿನ ಇಬ್ಬರು ಸಾಕ್ಷಿಗಳು ಹಿರಿಯನನ್ನು ಸರಿಪಡಿಸಲಿಲ್ಲ. ಅವನಿಗಿಂತ ಒಂದು ಕೈ ಮೇಲಾಗಿ ಹೊಗಳಿದರು. ಪರ ಊರಿನ ಸಾಹೇಬನ ಮುಂದೆ ತಮ್ಮವನನ್ನು ಭಿಕ್ಷುಕನೊಡನೆ ತೂಗಿದ್ದನ್ನು ಅವರಿಂದ ತಾಳಲಾಗಲಿಲ್ಲ. ಆರೋಪಿಯ ಸ್ಥಾನದಲ್ಲಿ ನಿಂತಿದ್ದ ಮುದುಕ ಮೊದಲ ಬಾರಿ ತಲೆ ಎತ್ತಿದ್ದ. ಅವನ ಮುಖದಲ್ಲಿ ನಾಚಿಕೆ ಮತ್ತು ಸಂತೋಷ ಎರಡೂ ಇದ್ದವು. ತನ್ನ ಜನ ತನ್ನನ್ನು ಜೈಲಿಗೆ ಹೊತ್ತೊಯ್ಯುತ್ತಿದ್ದಾರೆ ಎಂದು ಅವನಿಗೆ ತಿಳಿದಂತೆ ಕಾಣಲಿಲ್ಲ. ಇಂಗ್ಲಿಷಿನಲ್ಲಿ ನಾನು ಎಷ್ಟೇ ಮೆತ್ತಗೆ ಮಾಡಿದರೂ ಶಿರಸ್ತೇದಾರರು ಮ್ಯಾಜಿಸ್ಟ್ರೇಟರಿಗೆ ಆಗಲೇ ಹೇಳಿ ಮುಗಿಸಿದ್ದರು: ದಿ ಡೆಡ್ ವುಡ್ ರೈಸ್.

ಹೊರಗೆ ಬಂದ ಮೇಲೆ ಹಿರಿಯ ಕೈಮುಗಿದು, "ಬರೋಬ್ಬರಿ ಆತಲ್ರಿ?" ಎಂದು ಕೇಳಿದ. ಮಾಮಾ ಅವನ ಹೆಗಲ ಮೇಲೆ ಕೈ ಇಟ್ಟು, "ಆತಪಾ," ಎಂದರು.

ಮಾಮಾ ಆ ವಾರ ಊಟ ಸರಿಯಾಗಿ ಮಾಡಲಿಲ್ಲ. ಆಮೇಲೆ ಒಂದು ನಿರ್ಧಾರಕ್ಕೆ ಬಂದರು. ಕೂಗಿನಲ್ಲಿ ಏನಿದೆ ಎಂದು ಜನ ಹೇಳುವುದು ಬೇಡ, ಮ್ಯಾಜಿಸ್ಟ್ರೇಟರು ತಾವೇ ಕೇಳಲಿ. ಕನ್ನಡ ಬಾರದವರಿಗೂ ಅದರಲ್ಲಿ ಶಬ್ದವಿಲ್ಲವೆಂದು ಗೊತ್ತಾಗುತ್ತದೆ. "ಹಮಾಲರು ಅಲ್ಲಿ ಇರಬಾರದು, ಮಾಮಾ," ಎಂದೆ ನಾನು. "ಇರೂದಿಲ್ಲ. ಒಬ್ಬರನ್ನೂ ಹಾವೇರಿಗೆ ಬರಗೊಡೂದಿಲ್ಲ," ಎಂದರು. ಅರ್ಜಿ ಟೈಪ್ ಮಾಡಿಕೊಟ್ಟೆ. ಮ್ಯಾಜಿಸ್ಟ್ರೇಟರಿಗೂ ಕುತೂಹಲವಿತ್ತು, ಒಪ್ಪಿದರು.

ಆ ದಿನ ಮುದುಕನನ್ನು ಹಾಲಿನ ನಡುವೆ ನಿಲ್ಲಿಸಿದರು.

"ಕೂಗಪಾ," ಎಂದರು ಮಾಮಾ.

ಅವನು ಸುತ್ತ ನೋಡಿದ. "ಏನ ಐತ್ರಿ ಇಲ್ಲೆ?"

"ಏನೂ ಇಲ್ಲ. ಸುಮ್ಮ ಕೂಗು."

"ಎತ್ತೂದು ಏನೂ ಇಲ್ದ ಹೆಂಗ ಕೂಗಲ್ರಿ? ಬಾಯಾಗ ಬರೂದಿಲ್ಲ."

ಬಾಯಿ ತೆರೆದ, ಕೆಮ್ಮು ಬಂತು, ಕೂಗು ಬರಲಿಲ್ಲ. ಮಾಮಾ ಅವರ ಕಣ್ಣು ಬೆಳಗಿದ್ದನ್ನು ನಾನು ಕಂಡೆ. ಅವರು ಚುರುಕಾಗಿ ಇಂಗ್ಲಿಷಿನಲ್ಲಿ ಹೇಳಿದರು: ನೋಡಬೇಕು, ಯುವರ್ ಆನರ್, ಇಷ್ಟು ಜನ ಮುಂದೆ ಇದ್ದಾರೆ, ಇವನಿಂದ ಕೂಗಲಾಗುತ್ತಿಲ್ಲ. ಇವನ ಕೂಗು ಮನುಷ್ಯರಿಗಲ್ಲ, ಭಾರಕ್ಕೆ. ಮ್ಯಾಜಿಸ್ಟ್ರೇಟರು ತಲೆಯಾಡಿಸಿದರು, ಏನೋ ಬರೆದುಕೊಂಡರು. ಇಡೀ ಕೇಸಿನಲ್ಲಿ ನಾವು ಗೆದ್ದೆವು ಅನ್ನಿಸಿದ್ದು ಆ ಒಂದು ಗಳಿಗೆ. ಐ ಸ್ಟಿಲ್ ಲಿವ್ ಇನ್ ದ್ಯಾಟ್ ಮಿನಿಟ್, ಒಮ್ಮೊಮ್ಮೆ.

ಮ್ಯಾಜಿಸ್ಟ್ರೇಟರು ಪೆನ್ನಿನಿಂದ ಕಿಟಕಿಯ ಕಡೆ ತೋರಿಸಿದರು. ಆ ಕಪಾಟು ತಾವು ಬಂದಾಗಿನಿಂದ ಬೆಳಕಿಗೆ ಅಡ್ಡ ನಿಂತಿದೆ. ಸಿಪಾಯಿಗಳು ಹಲವು ಸಲ ಪ್ರಯತ್ನಿಸಿ ಸೋತಿದ್ದಾರೆ. ಭಾರವೇ ಬೇಕಾದರೆ ಅದಿದೆಯಲ್ಲ, ಎಂದರು. ಆ ದನಿಯಲ್ಲಿ ಯಾವ ಮೋಸವೂ ಇರಲಿಲ್ಲ. ಬೇಡ ಎನ್ನಲು ಮಾಮಾಗೆ ಕಾರಣ ಸಿಗಲಿಲ್ಲ. ತಾವೇ ಬೇಡಿದ ಪರೀಕ್ಷೆ. "ನೋ ಆಬ್ಜೆಕ್ಷನ್," ಎಂದರು.

ಕಪಾಟಿಗೆ ಕೈ ಹಚ್ಚಿದವರು ಯಾರು? ಅಲ್ಲಿ ನಿಂತಿದ್ದ ಪೊಲೀಸರು, ಕೋರ್ಟಿನ ಸಿಪಾಯಿಗಳು. ಮುದುಕನನ್ನು ಬ್ಯಾಡಗಿಯಲ್ಲಿ ಹಿಡಿದುತಂದ ಹವಾಲ್ದಾರನೂ ಪಗಡಿ ತೆಗೆದಿಟ್ಟು ಹೆಗಲು ಕೊಟ್ಟ. ಮೊದಲು ತಾವೇ ದೂಡಿದರು. ಕಪಾಟು ಕಿರ್ ಎಂದಿತು, ಅಷ್ಟೆ. ಮುದುಕ ಅದನ್ನು ನೋಡುತ್ತ ನಿಂತಿದ್ದ. ಅವನ ಮುಖದಲ್ಲಿ ಅದೇ ಕಸಿವಿಸಿ ಕಾಣಿಸಿತು. ಹವಾಲ್ದಾರನಿಗೆ, "ಕಾಲ ಹಿಂದ ಇಡ್ರಿ, ಕಾಲ," ಎಂದ. ಎರಡು ಹೆಜ್ಜೆ ಪಕ್ಕಕ್ಕೆ ಸರಿದ. ಕೈ ಬಿಟ್ಟು ನಿಂತ. ಕಣ್ಣು ಕಪಾಟಿನ ಮೇಲೆ.

"ಹೋ ಲಾ… ಹೋ ಲೇಲಾ…"

ಆ ಎದೆಯಿಂದ ಅಂಥ ದನಿ ಬರುತ್ತದೆಂದು ನಾನು ಎಣಿಸಿರಲಿಲ್ಲ. ಕೆಮ್ಮು ಎಲ್ಲಿ ಹೋಯಿತೋ. ಮೊದಲನೆಯ ಸೊಲ್ಲಿಗೆ ಪೊಲೀಸರ ಬೆನ್ನುಗಳು ಒಂದೇ ಸಾಲಿಗೆ ಬಂದವು. ಎರಡನೆಯದಕ್ಕೆ ಅವರ ಉಸಿರು ಒಂದಾಯಿತು. "ಹೈಸಾ!" ಎಂದದ್ದು ಹವಾಲ್ದಾರ, ಯಾರೂ ಹೇಳಿಕೊಟ್ಟಿರಲಿಲ್ಲ. ಪ್ರಾಸಿಕ್ಯೂಟರು ಮೇಜಿನ ಅಂಚನ್ನು ಒತ್ತಿ ಹಿಡಿದಿದ್ದರು. ನನ್ನ ಪಾದಗಳು ಸ್ಟೂಲಿನ ಕೆಳಗೆ ನೆಲವನ್ನು ದೂಡುತ್ತಿದ್ದವು. ಕಪಾಟು ನೆಲದ ಮೇಲೆ ಗೆರೆ ಎಳೆಯುತ್ತ ಗೋಡೆಯ ತನಕ ಸರಿಯಿತು.

ಕಿಟಕಿಯ ಬೆಳಕು ನೇರವಾಗಿ ಮ್ಯಾಜಿಸ್ಟ್ರೇಟರ ಮೇಜಿನ ಮೇಲೆ ಬಿತ್ತು. ಅವರು ಕಣ್ಣು ಕಿರಿದು ಮಾಡಿ, ಮುದುಕನಿಗೆ "ಥ್ಯಾಂಕ್ ಯೂ" ಎಂದರು. ಆಮೇಲೆ ಪೆನ್ನು ತೆಗೆದುಕೊಂಡು ಬಹಳ ಹೊತ್ತು ಬರೆದರು.

ಮಾಮಾ ಕೂತುಬಿಟ್ಟಿದ್ದರು. ಮುದುಕ ಅವರ ಕಡೆ ಬಗ್ಗಿ ಕೇಳಿದ: "ನೆಟ್ಟಗ ಕುಂತೈತಲ್ರಿ?"

ತೀರ್ಪಿನ ನಕಲು ಟೈಪ್ ಮಾಡಿದ್ದೂ ನಾನೇ, ಅದನ್ನು ಕನ್ನಡದಲ್ಲಿ ಮುದುಕನಿಗೆ ಓದಿ ಹೇಳಿದ್ದೂ ನಾನೇ. ಕೂಗಿನಲ್ಲಿ ಯಾವ ಅರ್ಥವೂ ಇಲ್ಲ ಎಂಬ ನಮ್ಮ ಮಾತನ್ನು ಮ್ಯಾಜಿಸ್ಟ್ರೇಟರು ಪೂರ್ತಿ ಒಪ್ಪಿದ್ದರು. ಅರ್ಥವಿಲ್ಲದೆಯೇ ಅದು ಸರಕಾರದ ಪೊಲೀಸರನ್ನೂ ದುಡಿಸಿದ್ದನ್ನು ತಾವು ಕಣ್ಣಾರೆ ಕಂಡುದಾಗಿ ಬರೆದಿದ್ದರು. ಇಷ್ಟು ಬಲವಿದ್ದವನು ಆ ದಿನ ಸುಮ್ಮನೆ ಕೂತಿರಬೇಕಿತ್ತು ಎಂದು ಬರೆದು ಸಖ್ತ ಮಜೂರಿಯ ಶಿಕ್ಷೆ ಕೊಟ್ಟಿದ್ದರು. ಕೆಟ್ಟ ಇಂಗ್ಲಿಷ್ ಅಲ್ಲ. ತಿದ್ದುವಂಥದ್ದು ಏನೂ ಸಿಗಲಿಲ್ಲ. ಧಾರವಾಡಕ್ಕೆ ಹಾಕಿದ ಅಪೀಲಿಗೆ ನಾನು ಶಬ್ದಗಳ ಮೇಲೆ ಒಂದು ನೋಟ್ ಬರೆದುಕೊಟ್ಟೆ. ಚುಚ್ಚಬೇಕಾದರೆ ಎತ್ತು ಬೇಕು, ಛೂ ಬಿಡಬೇಕಾದರೆ ನಾಯಿ ಬೇಕು. ತಾಳ ತಪ್ಪಿದವರಿಗೆ ತಾಳ ಕೊಟ್ಟದ್ದು ಇವೆರಡೂ ಅಲ್ಲ ಎಂದು. ಚೆನ್ನಾಗಿದೆ ಎಂದು ಮಾಮಾ ಅಂದರು. ಅಪೀಲು ವಜಾ ಆಯಿತು. ನೋಟಿನ ಸುದ್ದಿ ಆ ಆರ್ಡರಿನಲ್ಲಿ ಎಲ್ಲೂ ಇರಲಿಲ್ಲ.

ಅವನನ್ನು ದೊಡ್ಡ ಜೈಲಿಗೆ ಸಾಗಿಸುವ ಮುಂಚೆ ಒಮ್ಮೆ ಕಂಡೆವು. ಬೆನ್ನು ಬಾಗಿತ್ತು. ಶಿಕ್ಷೆಯ ಬಗ್ಗೆ ಏನೂ ಕೇಳಲಿಲ್ಲ.

"ಅಕ್ಕಾರ, ನಾ ಯಾರಿಗೂ ಕೊಟ್ಟಿಲ್ರಿ," ಎಂದ. "ಮಂದಿ ಅಲ್ಲೆ ಸುಮ್ಮಕ ಹೊರತಾರಂತ. ಇಲ್ಲೆ ಭಾರಿಲ್ಲ, ಹೆಗಲಿಲ್ಲ, ಯಾರಿಗೆ ಕೊಡ್ಲಿ? ನೀವು ಎಲ್ಲಾ ಬರಕೋತೀರಿ. ಇದನ್ನೂ ಬರಕೋರ್ರಿ. ಓದಿದ್ರ ಬರತೈತೋ ಇಲ್ಲೋ ನನಗ ಗೊತ್ತಿಲ್ಲ."

"ಭಾರ ಇಲ್ದ ನಿಮಗ ಬರೂದಿಲ್ಲಲ್ಲ, ಯಜ್ಜಾ?"

ಅವನು ತಿರುಗಿ ಜೈಲಿನ ಗೋಡೆ ನೋಡಿದ. "ಇದ ಐತಲ್ರಿ," ಎಂದ.

ಗೋಡೆಯ ಮೇಲೆ ಕಣ್ಣಿಟ್ಟು, ಪಹರೆಯವನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, ಮೊದಲಿನಿಂದ ಕೊನೆಯವರೆಗೆ ಸೊಲ್ಲುಗಳನ್ನು ಎತ್ತಿದ. ಚೀಲದ್ದು, ಮರದ ದಿಮ್ಮಿಯದು, ಡಬ್ಬಿಯದು ಬೇರೆ ಬೇರೆ. ಎಲ್ಲಿ ಉಸಿರು, ಎಲ್ಲಿ ತಡೆ, ನನಗೆ ತಿಳಿದಂತೆ ಗುರುತು ಹಾಕಿಕೊಂಡೆ. ನಡುವೆ ಕೆಮ್ಮಿದಾಗಲೆಲ್ಲ, "ಇದನ್ನ ಬರೀಬ್ಯಾಡ್ರಿ," ಎಂದು ನಕ್ಕ.

ಬೇಸಿಗೆ ಮುಗಿಯುವ ಮುಂಚೆ ಅವನು ಜೈಲಿನಲ್ಲೇ ತೀರಿಕೊಂಡ. ಸುದ್ದಿ ಮಾಮಾಗೆ ತಲುಪಿದಾಗ ಬ್ಯಾಡಗಿಗೆ ಹೇಳಲು ಹೋಗಬೇಕಿತ್ತು. ನಾನು ಕಾಗದಗಳನ್ನು ಬ್ಯಾಗಿನಲ್ಲಿ ಇಟ್ಟುಕೊಂಡೆ.

ಹಮಾಲರು ಕೇಳಿ ಚೀಲಗಳ ಮೇಲೆ ಕೂತರು. ಯಾರೂ ಅಳಲಿಲ್ಲ. ಆಮೇಲೆ ನಾನು ಕಾಗದ ತೆಗೆದು, ಇದು ಯಜ್ಜ ಕೊಟ್ಟದ್ದು ಎಂದೆ. ಹಿರಿಯ ಎದ್ದು ಟವಲಿನಿಂದ ಮುಖ ಒರೆಸಿಕೊಂಡ. "ಓದ್ರಿ ಅಕ್ಕಾರ."

ಓದಿದೆ. ಕಾನ್ವೆಂಟಿನಲ್ಲಿ ಎಲೊಕ್ಯೂಶನ್ ಸ್ಪರ್ಧೆಯಲ್ಲಿ ಕಪ್ ಗೆದ್ದವಳು ನಾನು. ಒಂದು ಅಕ್ಷರ ನುಂಗದೆ, ಗುರುತು ಹಾಕಿದಲ್ಲೆಲ್ಲ ನಿಂತು ಓದಿದೆ. ಮುಗಿಯುವ ತನಕ ಅವರು ತಲೆ ಬಾಗಿಸಿ ಕೇಳಿದರು.

"ಬರೋಬ್ಬರಿ ಬರದೀರಿ. ಒಂದೂ ತಪ್ಪಿಲ್ಲ," ಎಂದ ಹಿರಿಯ. ನಂತರ ಉಳಿದವರ ಕಡೆ ನೋಡಿದ. ಎಲ್ಲರೂ ಎದ್ದು, ಪಕ್ಕದ ಹಳಿಯ ಮೇಲೆ ನಿಂತಿದ್ದ ತುಂಬಿದ ಡಬ್ಬಿಯ ಹತ್ತಿರ ಹೋಗಿ, ಹೆಗಲು ಹಚ್ಚಿ ನಿಂತರು. ನಡ ಉಳುಕಿದವನೂ ಹೋದ.

"ಡಬ್ಬೀದು ಓದ್ರಿ, ಅಕ್ಕಾರ."

ಕಟ್ಟೆಯ ಮೇಲೆ ನಿಂತು ಡಬ್ಬಿಯದು ಓದಿದೆ. ಅವರ ಬೆನ್ನುಗಳು ಒಂದೊಂದು ಒಂದೊಂದು ಗಳಿಗೆಗೆ ಬಿಗಿದವು. ಇನ್ನೂ ಜೋರಾಗಿ ಓದಿದೆ. ಮೆಣಸಿನಕಾಯಿ ಘಾಟಿಗೆ ಕಣ್ಣಲ್ಲಿ ನೀರು ಬಂತು. ಡಬ್ಬಿ ಅಲುಗಲಿಲ್ಲ.

ನನ್ನ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ನಾನು ಕಾಗದ ಮಡಿಸಿ ಬ್ಯಾಗಿನಲ್ಲಿ ಇಟ್ಟುಕೊಳ್ಳುವ ತನಕ, ಮರ್ಯಾದೆಗೆ, ಯಾರೂ ಹೆಗಲು ತೆಗೆಯಲಿಲ್ಲ.